ಹನೋಯ್‌ನಲ್ಲಿ ರಸ್ತೆ ದಾಟುವ ವಿದ್ಯೆ

ವಿಯೆಟ್ನಾಂ ಪ್ರವಾಸ ಮುಗಿಸಿ ಬಂದವರ ಮಾತಿನಲ್ಲಿ ಒಂದು ಪ್ರಸಂಗ ತಪ್ಪದೇ ಬರುತ್ತದೆ. ಹಾ ಲಾಂಗ್ ಕೊಲ್ಲಿಯ ದೋಣಿವಿಹಾರ, ಹೋ ಚಿ ಮಿನ್ ಸಮಾಧಿ, ಯುದ್ಧಕಾಲದ ಕೂ ಚಿ ಸುರಂಗಗಳು, ಸಸ್ಯಾಹಾರಿಗಳ ಪಡಿಪಾಟಲು ಎಲ್ಲವೂ ಮುಗಿದ ಮೇಲೆ ಅವರು ಹನೋಯ್ ನಗರದಲ್ಲಿ ರಸ್ತೆ ದಾಟಿದ ಕಥೆಯನ್ನು ಹೇಳುತ್ತಾರೆ. ಹಾಗೆ ಹೇಳುವವರು ಯೂರೋಪಿನವರಾದರೆ ಆಶ್ಚರ್ಯವಿಲ್ಲ. ಸಿಲ್ಕ್ ಬೋರ್ಡ್ ವೃತ್ತವನ್ನೂ ಕೆ.ಆರ್. ಮಾರುಕಟ್ಟೆಯನ್ನೂ ನಿತ್ಯ ಹಾಯುವ ಬೆಂಗಳೂರಿಗರೂ ಅದೇ ಕಥೆ ಹೇಳುತ್ತಾರೆಂದರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಅವ್ಯವಸ್ಥೆಯಲ್ಲಿಯೂ ಬಗೆಗಳಿವೆ, ಒಂದು ಬಗೆಯಲ್ಲಿ ಪಳಗಿದವನಿಗೆ ಇನ್ನೊಂದು ಬಗೆ ಒಲಿಯಬೇಕೆಂದೇನೂ ಇಲ್ಲ.

ನಾನು ಹನೋಯ್‌ಗೆ ಎರಡು ಬಾರಿ ಹೋಗಿದ್ದೇನೆ. 2018ರಲ್ಲಿ ತಾಯಿಯವರೊಂದಿಗೆ, 2025ರ ಮಾರ್ಚ್‌ನಲ್ಲಿ ಒಬ್ಬನೇ. ಈ ಎರಡು ಭೇಟಿಗಳ ನಡುವಣ ಏಳು ವರ್ಷಗಳಲ್ಲಿ ಆ ನಗರದ ಬೀದಿಗಳಲ್ಲಿ ಆಗಿರುವ ಬದಲಾವಣೆ ನನ್ನನ್ನು ಈ ಲೇಖನಕ್ಕೆ ತೊಡಗಿಸಿದೆ.

ಹನೋಯ್‌ನ ಹಳೆಯ ಪೇಟೆ ನಮಗೆ ಪರಕೀಯವೆನಿಸುವುದಿಲ್ಲ. 36 ಬೀದಿಗಳ ಪೇಟೆಯೆಂದೇ ಅದಕ್ಕೆ ಹೆಸರು. ಬಹುಪಾಲು ಬೀದಿಗಳ ಹೆಸರು ‘ಹಾಂಗ್’ ಎಂಬ ಪದದಿಂದ ಆರಂಭವಾಗುತ್ತದೆ; ಹಾಂಗ್ ಎಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಚಿಯೆವ್ ಚಾಪೆಯ ಬೀದಿ, ಹಾಂಗ್ ಮುಯೊಯ್ ಉಪ್ಪಿನ ಬೀದಿ. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ತರಗುಪೇಟೆಗಳ ಊರಿನಿಂದ ಹೋದವನಿಗೆ ಇದರ ಲೆಕ್ಕಾಚಾರ ಬೇಗ ತಿಳಿಯುತ್ತದೆ. ಮನೆಗಳ ಮುಂಭಾಗ ಕಿರಿದು, ಒಳಗೆ ಉದ್ದಕ್ಕೆ ಚಾಚಿಕೊಂಡ ಕಟ್ಟಡಗಳು, ಪಾದಚಾರಿ ಮಾರ್ಗದ ತುಂಬ ನಿಂತ ದ್ವಿಚಕ್ರ ವಾಹನಗಳು, ಅವುಗಳ ಸಂದಿಯಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಮಣೆಗಳನ್ನು ಹಾಕಿಕೊಂಡು ‘ಫೋ’ ಎಂಬ ಶ್ಯಾವಿಗೆ ಸಾರು ಉಣ್ಣುವ ಜನ. ಹೀಗಾಗಿ ನಡೆಯುವವನು ಅನಿವಾರ್ಯವಾಗಿ ರಸ್ತೆಗೇ ಇಳಿಯಬೇಕು. ಅಲ್ಲಿಯವರೆಗೂ ಬೆಂಗಳೂರೇ. ರಸ್ತೆಗಿಳಿದ ಮೇಲೆ ಸಿಗುವುದು ಬೇರೆಯ ಊರು.

ವಿಯೆಟ್ನಾಮಿನ ಜನಸಂಖ್ಯೆ ಸುಮಾರು 10 ಕೋಟಿ. ನೋಂದಣಿಯಾದ ದ್ವಿಚಕ್ರ ವಾಹನಗಳು ಏಳು ಕೋಟಿಗೂ ಹೆಚ್ಚು. ಹಸುಳೆಗಳನ್ನೂ ಮುದುಕರನ್ನೂ ಬಿಟ್ಟರೆ ತಲೆಗೊಂದು ಎಂದು ಹೇಳಿದರೂ ನಡೆದೀತು. ಆದರೆ ಇದು ಬಹಳ ಹಳೆಯ ಕಥೆಯಲ್ಲ. 1986ರಲ್ಲಿ ‘ದೋಯ್ ಮೋಯ್’ ಎಂಬ ಆರ್ಥಿಕ ಸುಧಾರಣೆ ಆರಂಭವಾದಾಗ ಹನೋಯ್ ಸೈಕಲ್ಲುಗಳ ನಗರವಾಗಿತ್ತು. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಂತೆ ಸೈಕಲ್ಲಿನ ಜಾಗಕ್ಕೆ ಹೋಂಡಾ ಬಂತು. ದಕ್ಷಿಣ ವಿಯೆಟ್ನಾಮಿನ ಆಡುಮಾತಿನಲ್ಲಿ ಯಾವ ಕಂಪನಿಯ ಬೈಕಾದರೂ ‘ಹೋಂಡಾ’ ಎಂದೇ ಕರೆಯುವುದುಂಟು, ನಮ್ಮಲ್ಲಿ ಒಂದು ಕಾಲಕ್ಕೆ ವನಸ್ಪತಿಯೆಲ್ಲ ಡಾಲ್ಡಾ ಆಗಿದ್ದ ಹಾಗೆ. 2000ದ ಆಸುಪಾಸಿನಲ್ಲಿ ಚೀನಾದ ಅಗ್ಗದ ಬೈಕುಗಳು ಗಡಿ ದಾಟಿ ಬಂದು ಬೆಲೆಗಳು ಕುಸಿದವು. ಅದಕ್ಕೆ ಉತ್ತರವಾಗಿ 2002ರಲ್ಲಿ ಹೋಂಡಾ ತನ್ನ ಅಗ್ಗದ ‘ವೇವ್ ಆಲ್ಫಾ’ವನ್ನು ಮಾರುಕಟ್ಟೆಗೆ ತಂದಿತು. ಒಂದೇ ತಲೆಮಾರಿನಲ್ಲಿ ಸೈಕಲ್ ಸವಾರರ ಇಡೀ ಜನಾಂಗವೊಂದು ಬೈಕ್ ಏರಿತು. ಆದರೆ ರಸ್ತೆಯಲ್ಲಿ ಸೈಕಲ್ ಸವಾರರ ಪದ್ಧತಿಯನ್ನೇ ಉಳಿಸಿಕೊಂಡಿತು. ನಿಲ್ಲದಿರುವುದು, ನುಸುಳುವುದು, ಎದುರಿನವನನ್ನು ನೋಡಿಕೊಂಡು ಸರಿದುಕೊಳ್ಳುವುದು. ಹನೋಯ್ ಸಂಚಾರದ ರಹಸ್ಯ ಎಂದು ಏನಾದರೂ ಇದ್ದರೆ ಅದು ಇಲ್ಲಿದೆ ಎಂದು ನನಗನ್ನಿಸುತ್ತದೆ.

2018ರಲ್ಲಿ ನಾವು ತಂಗಿದ್ದ ಹೋಟೆಲಿನ ಹುಡುಗ ಮೊದಲ ದಿನವೇ ಪಾಠ ಮಾಡಿದ್ದ. ನಿಧಾನವಾಗಿ ನಡೆಯಿರಿ, ನಿಲ್ಲಬೇಡಿ, ಓಡಬೇಡಿ, ಹಿಂದಕ್ಕಂತೂ ಖಂಡಿತ ಹೆಜ್ಜೆ ಇಡಬೇಡಿ. ಬೈಕುಗಳು ನಿಮ್ಮನ್ನು ಬಳಸಿಕೊಂಡು ಹೋಗುತ್ತವೆ. ಇಷ್ಟು ಹೇಳಿ, ಬೆರಳೆತ್ತಿ, ಬಸ್ಸು ಬಂದರೆ ಮಾತ್ರ ಬಿಟ್ಟುಬಿಡಿ ಎಂದ. ಈ ಕೊನೆಯ ಮಾತನ್ನು ಬಹುತೇಕ ಪ್ರವಾಸಿಗರು ಮರೆತುಬಿಡುತ್ತಾರೆ. ಅಸಲು ಸಂಗತಿ ಅದರಲ್ಲಿದೆ. ಆಮೇಲೆ ಅದಕ್ಕೆ ಬರುತ್ತೇನೆ.

ನನ್ನ ತಾಯಿಗೆ ಆಗ 71 ವರ್ಷ. ಮೊಣಕಾಲಿನ ನೋವು, ಕೈಯಲ್ಲಿ ಊರುಗೋಲು. ಹೋನ್ ಕಿಯೆಮ್ ಕೆರೆಯ ಉತ್ತರ ಬದಿಯಲ್ಲಿ ಐದು ರಸ್ತೆಗಳು ಬಂದು ಕೂಡುವ ಚೌಕವಿದೆ. ಅದರ ಅಂಚಿನಲ್ಲಿ ಆಗ ಜನ ‘ಶಾರ್ಕ್ ಮೀನಿನ ದವಡೆ’ ಎಂದು ಕರೆಯುತ್ತಿದ್ದ ಬಹುಮಹಡಿ ಕಟ್ಟಡವಿತ್ತು. 2025ರಲ್ಲಿ ಅದನ್ನು ಕೆಡವಿದರು. ಆ ಕಟ್ಟಡದ ಮೇಲಿನ ಕಾಫಿ ಅಂಗಡಿಯಲ್ಲಿ ಕುಳಿತು ಕೆಳಗಿನ ಸಂಚಾರವನ್ನು ನೋಡುವುದು ಪ್ರವಾಸಿಗರಿಗೆ ಒಂದು ಆಟವಾಗಿತ್ತು. ಸಂಚಾರ ದೀಪವಿಲ್ಲ, ಪೊಲೀಸನಿಲ್ಲ. ಐದು ಕಡೆಯಿಂದ ಬಂದ ಬೈಕುಗಳ ಸಾಲುಗಳು ಒಂದರೊಳಗೊಂದು ಹೊಕ್ಕು ಹೊರಬರುತ್ತಿದ್ದವು, ಎರಡು ಕೈಗಳ ಬೆರಳುಗಳನ್ನು ಹೆಣೆದು ಬಿಡಿಸಿದಂತೆ. ಆ ಚೌಕವನ್ನು ದಾಟಿ ಕೆರೆಯ ಕಡೆಗೆ ಹೋಗಬೇಕಾಗಿತ್ತು. ತಾಯಿಯ ಕಷ್ಟ ನೋಡಿ ನಾನು ಟ್ಯಾಕ್ಸಿ ಹುಡುಕುವ ಆಲೋಚನೆಯಲ್ಲಿದ್ದಾಗ ಅವರು ನನ್ನ ತೋಳು ಹಿಡಿದು ರಸ್ತೆಗೆ ಇಳಿದೇಬಿಟ್ಟರು. ಒಂದೊಂದೇ ಹೆಜ್ಜೆ, ಒಂದೇ ಸಮನೆ. ಬೈಕುಗಳು ನಮ್ಮ ಮುಂದೆಯೂ ಹಿಂದೆಯೂ ಒಂದೊಂದು ಮೊಳದ ಅಂತರದಲ್ಲಿ ಕವಲೊಡೆದು ಹರಿದುಹೋದವು. ಒಬ್ಬನೂ ಬ್ರೇಕ್ ಹಾಕಲಿಲ್ಲ, ಒಬ್ಬನೂ ಬೈಯಲಿಲ್ಲ.

ಆ ಕಡೆ ತಲುಪಿದ ಮೇಲೆ, “ಭಯವಾಗಲಿಲ್ಲವೇನಮ್ಮ?” ಎಂದು ಕೇಳಿದೆ.

“ಭಯ ಏತಕ್ಕೋ? ದನ ಕೊಟ್ಟಿಗೆಗೆ ಬರೋ ಹೊತ್ತಲ್ಲಿ ದಾರಿ ಮಧ್ಯೆ ಸಿಕ್ಕಿಕೊಂಡರೆ ಏನು ಮಾಡ್ತಿದ್ದೆವು? ಓಡಬಾರದು, ನಿಲ್ಲಲೂಬಾರದು. ನಮ್ಮ ಪಾಡಿಗೆ ನಾವು ನಡೀತಿದ್ದರೆ ಅವೇ ಸರಿದುಕೊಂಡು ಹೋಗ್ತವೆ ಕಣೋ” ಎಂದರು. ತಿಪಟೂರು ಸೀಮೆಯ ಹಳ್ಳಿಯಲ್ಲಿ ಬೆಳೆದ ಅವರಿಗೆ ಇದು ಹೊಸ ವಿದ್ಯೆಯೇ ಆಗಿರಲಿಲ್ಲ.

ಇದರಲ್ಲಿ ತಾಯಿಯ ಧೈರ್ಯಕ್ಕಿಂತ ಹೆಚ್ಚಿನ ಸಂಗತಿಯೊಂದಿದೆ. ಆ ಸಂಚಾರದಲ್ಲಿ ಪ್ರತಿಯೊಬ್ಬ ಸವಾರನೂ ಮುಂದಿನ ಎರಡು ಮೂರು ಕ್ಷಣಗಳಲ್ಲಿ ನೀವು ಎಲ್ಲಿರುತ್ತೀರಿ ಎಂದು ಅಂದಾಜು ಮಾಡಿ ತನ್ನ ದಾರಿಯನ್ನು ತುಸುವೇ ತಿರುಗಿಸಿಕೊಳ್ಳುತ್ತಾನೆ. ನಿಮ್ಮ ಕೆಲಸ ಆ ಅಂದಾಜನ್ನು ಸುಳ್ಳು ಮಾಡದಿರುವುದು ಮಾತ್ರ. ಹೀಗಾಗಿ ಊರುಗೋಲು ಹಿಡಿದು ಒಂದೇ ಗತಿಯಲ್ಲಿ ನಡೆಯುವ ಮುದುಕಿ ಅಲ್ಲಿ ಹೆಚ್ಚು ಸುರಕ್ಷಿತೆ. ಅರ್ಧ ದಾರಿಗೆ ಓಡಿ, ಬೆಚ್ಚಿ ನಿಂತು, ಹಿಂದಕ್ಕೆ ಹಾರುವ ಗಟ್ಟಿಮುಟ್ಟು ತರುಣನಿಗೇ ಅಪಾಯ. ನಮ್ಮಲ್ಲಿ ಕೈಯನ್ನು ಅಡ್ಡ ಚಾಚಿ ವಾಹನ ನಿಲ್ಲಿಸಿ ಓಡುತ್ತೇವಲ್ಲ, ಆ ಪದ್ಧತಿ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಯಾರೂ ನಿಲ್ಲುವುದಿಲ್ಲ, ಯಾರೂ ನಿಲ್ಲುತ್ತಾರೆಂದು ನಿರೀಕ್ಷಿಸುವುದೂ ಇಲ್ಲ. ಜೊತೆಗೆ ವಾಹನಗಳು ಬಲಗಡೆಯಲ್ಲಿ ಓಡುವುದರಿಂದ ಭಾರತೀಯರು ಮೊದಲು ಎಡಕ್ಕೆ ನೋಡುವುದನ್ನು ಬುದ್ಧಿಪೂರ್ವಕ ಅಭ್ಯಾಸ ಮಾಡಿಕೊಳ್ಳಬೇಕು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಂದರ ಪ್ರವಾಸಕಥನವಾಗುತ್ತದೆ. ಹನೋಯ್ ಸಂಚಾರವನ್ನು ಮೀನಿನ ಹಿಂಡಿಗೆ, ಹಕ್ಕಿಯ ಸಾಲಿಗೆ ಹೋಲಿಸಿ ಮೈಮರೆತು ಬರೆದವರು ಅನೇಕರಿದ್ದಾರೆ. ಅವರಿಗೆಲ್ಲ ನಾನು ಸೀಮರ್ ಪೇಪರ್ಟ್ ಅವರ ಪ್ರಸಂಗವನ್ನು ನೆನಪಿಸಬಯಸುತ್ತೇನೆ. ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಈ ಗಣಿತಜ್ಞ, ಮಕ್ಕಳಿಗಾಗಿ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದವರಲ್ಲಿ ಮುಖ್ಯರು. 1990ರ ದಶಕದಲ್ಲಿ ನಮ್ಮ ನಗರಗಳ ಶಾಲೆಗಳಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಪುಟ್ಟ ಆಮೆಯೊಂದನ್ನು ಮುಂದೆ ನಡೆಸಿ, ಬಲಕ್ಕೆ ತಿರುಗಿಸಿ ಚೌಕ ಬರೆದವರಿಗೆ ಆ ಭಾಷೆಯ ಪರಿಚಯವಿದ್ದೀತು. 2006ರ ಡಿಸೆಂಬರಿನಲ್ಲಿ ಗಣಿತ ಶಿಕ್ಷಣ ಕುರಿತ ಅಂತರರಾಷ್ಟ್ರೀಯ ಸಮ್ಮೇಳನಕ್ಕಾಗಿ ಅವರು ಹನೋಯ್‌ಗೆ ಬಂದರು. ಆಗ ಅವರಿಗೆ 78 ವರ್ಷ. ಅಲ್ಲಿನ ಸಂಚಾರ ಅವರ ಕುತೂಹಲವನ್ನು ಕೆರಳಿಸಿತು. ಮೇಲಿನಿಂದ ಯಾರ ಅಪ್ಪಣೆಯೂ ಇಲ್ಲದೆ, ಸಾವಿರಾರು ಸವಾರರ ಚಿಕ್ಕ ಚಿಕ್ಕ ತೀರ್ಮಾನಗಳಿಂದ ಮೂಡುವ ಈ ವ್ಯವಸ್ಥೆಯನ್ನು ಗಣಿತದ ಮಾದರಿಯಲ್ಲಿ ಹಿಡಿದಿಡುವುದು ಹೇಗೆಂದು ಜೊತೆಗಿದ್ದ ಸಹೋದ್ಯೋಗಿಯೊಡನೆ ಚರ್ಚಿಸುತ್ತ ಅವರು ರಸ್ತೆ ದಾಟುತ್ತಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ಆಗಲೇ ಬೈಕೊಂದು ಬಂದು ಅವರಿಗೆ ಬಡಿಯಿತು. ಮಿದುಳಿಗೆ ತೀವ್ರ ಪೆಟ್ಟಾಗಿ, ಶಸ್ತ್ರಚಿಕಿತ್ಸೆಯಾಗಿ, ಬಹುಕಾಲ ಪ್ರಜ್ಞೆಯಿಲ್ಲದೆ ಇದ್ದು ಬದುಕುಳಿದರು. 2016ರಲ್ಲಿ ತೀರಿಕೊಳ್ಳುವವರೆಗೂ ಹಳೆಯ ಪೇಪರ್ಟ್ ಪೂರ್ತಿಯಾಗಿ ಹಿಂದಿರುಗಲಿಲ್ಲ.

ಪೇಪರ್ಟ್ ಅವರ ಹೆಸರು ಜಗತ್ತಿಗೆ ಗೊತ್ತಿತ್ತು, ಆದ್ದರಿಂದ ಸುದ್ದಿಯಾಯಿತು. ವಿಯೆಟ್ನಾಮಿನ ರಸ್ತೆಗಳಲ್ಲಿ 2024ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರೆಂದು ಅಲ್ಲಿನ ಅಧಿಕೃತ ಅಂಕಿಸಂಖ್ಯೆಯೇ ಹೇಳುತ್ತದೆ. ಮೀನಿನ ಹಿಂಡಿನಲ್ಲಿ ಹೀಗೆ ಮೀನುಗಳು ಸಾಯುವುದಿಲ್ಲ.

ಅಲ್ಲಿನ ಸರ್ಕಾರಕ್ಕೆ ಇದು ಮೊದಲಿನಿಂದಲೂ ಗೊತ್ತಿತ್ತು ಎಂಬುದಕ್ಕೆ ಹೆಲ್ಮೆಟ್ ಕಾನೂನು ಸಾಕ್ಷಿ. ಹೆಲ್ಮೆಟ್ಟನ್ನು ಜನ ‘ಅನ್ನದ ಕುಕ್ಕರ್’ ಎಂದು ಗೇಲಿ ಮಾಡುತ್ತಿದ್ದ ದೇಶದಲ್ಲಿ, 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲೂ ಸವಾರನಿಗೂ ಹಿಂಬದಿಯವನಿಗೂ ಅದು ಕಡ್ಡಾಯವೆಂದು ಘೋಷಿಸಲಾಯಿತು. ಹಿಂದಿನ ದಿನದವರೆಗೂ ಬರಿತಲೆಯಲ್ಲಿ ಓಡಾಡಿದ ನಗರಗಳಲ್ಲಿ ಕಾನೂನು ಬಂದ ಕೂಡಲೇ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಲೆಗಳು ಹೆಲ್ಮೆಟ್ ಧರಿಸಿದವು. ಮುಂದಿನ ಮೂರು ತಿಂಗಳಲ್ಲಿ ಸಮೀಕ್ಷೆಗೊಳಪಟ್ಟ ಆಸ್ಪತ್ರೆಗಳಲ್ಲಿ ತಲೆಗೆ ಪೆಟ್ಟಾಗುವ ಅಪಾಯ ಶೇ 16ರಷ್ಟು, ಸಾವಿನ ಅಪಾಯ ಶೇ 18ರಷ್ಟು ಇಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ದಾಖಲಿಸಿದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಆಗ ನಮ್ಮಲ್ಲಿ ನಡೆದ ವಾದವಿವಾದ, ಜಡೆಗೆ ತೊಂದರೆ, ಹೂವಿಗೆ ತೊಂದರೆ ಎಂಬ ಅಹವಾಲುಗಳು ಅನೇಕರಿಗೆ ನೆನಪಿರಬಹುದು.

ಈಗ ಬೆಂಗಳೂರಿನಿಂದಲೇ ನೇರ ವಿಮಾನಗಳು ಆರಂಭವಾದ ಮೇಲೆ ವಿಯೆಟ್ನಾಂಗೆ ಹೋಗುವ ಕನ್ನಡಿಗರ ಸಂಖ್ಯೆ ಬೆಳೆದಿದೆ. ಅವರಲ್ಲಿ ತರುಣರು ರಸ್ತೆ ದಾಟುವುದಕ್ಕೆ ತೃಪ್ತರಾಗದೆ ಬೈಕ್ ಬಾಡಿಗೆಗೆ ಪಡೆದು ಉತ್ತರದ ಹಾ ಜಿಯಾಂಗ್ ಬೆಟ್ಟಗಳ ಸುತ್ತಿಗೆ ಹೊರಡುತ್ತಾರೆ. ಅವರಿಗಾಗಿ ಒಂದು ಮಾತು. ನಮ್ಮ ಆರ್‌ಟಿಒ ಕಚೇರಿಗಳಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದಕ್ಕೆ ಅನುಗುಣವಾದದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು. ಬಾಡಿಗೆ ಕೊಡುವ ಅಂಗಡಿಯವನು ಇದನ್ನು ಹೇಳುವುದಿಲ್ಲ. ಅವನಿಗೆ ಬೇಕಾದದ್ದು ಪಾಸ್‌ಪೋರ್ಟ್ ಮತ್ತು ಹಣ. ಪೊಲೀಸರು ಹಿಡಿದರೆ ದಂಡ ಕಟ್ಟಿ ಬರಬಹುದು. ಆದರೆ ಪ್ರಪಾತದ ಅಂಚಿನ ತಿರುವಿನಲ್ಲಿ ಬಿದ್ದು ಕಾಲು ಮುರಿದುಕೊಂಡರೆ, ಮಾನ್ಯ ಪರವಾನಗಿಯಿಲ್ಲದೆ ಓಡಿಸಿದ ಕಾರಣಕ್ಕೆ ಪ್ರವಾಸ ವಿಮೆ ಕೈಕೊಡುವ ಸಾಧ್ಯತೆಯೇ ಹೆಚ್ಚು. ಆ ಬೆಟ್ಟಗಳನ್ನು ನೋಡಲೇಬೇಕೆಂದರೆ ಸ್ಥಳೀಯ ಸವಾರನ ಹಿಂದೆ ಕುಳಿತು ಹೋಗುವ ಏರ್ಪಾಡು ಅಲ್ಲಿ ಧಾರಾಳವಾಗಿದೆ. ಹಾಗೆ ಕುಳಿತವನಿಗೆ ಬೆಟ್ಟ ನೋಡಲು ಪುರುಸೊತ್ತೂ ಇರುತ್ತದೆ.

ಎರಡನೆಯ ಸಲ ಹೋದಾಗ ನಾನು ಕಂಡ ಹನೋಯ್ ಬೇರೆ. 2025ರ ಜನವರಿ 1ರಿಂದ ಅಲ್ಲಿ ಹೊಸ ದಂಡದ ಆದೇಶ ಜಾರಿಗೆ ಬಂದಿತ್ತು. ಕೆಂಪು ದೀಪ ಉಲ್ಲಂಘಿಸಿದ ಬೈಕ್ ಸವಾರನಿಗೆ 40ರಿಂದ 60 ಲಕ್ಷ ಡಾಂಗ್ ದಂಡ. ಲಕ್ಷವೆಂದು ಗಾಬರಿಪಡಬೇಕಿಲ್ಲ, ನಮ್ಮ ಲೆಕ್ಕದಲ್ಲಿ ಹದಿಮೂರರಿಂದ ಇಪ್ಪತ್ತು ಸಾವಿರ ರೂಪಾಯಿಗಳಷ್ಟು. ಅಷ್ಟಾದರೂ ಅಲ್ಲಿನ ಸಾಮಾನ್ಯ ದುಡಿಮೆಗಾರನ ತಿಂಗಳ ಗಳಿಕೆಯ ಅರ್ಧಕ್ಕಿಂತ ಹೆಚ್ಚು. ಹಿಂದೆ ಇದೇ ತಪ್ಪಿಗೆ ಹೆಚ್ಚೆಂದರೆ 10 ಲಕ್ಷ ಡಾಂಗ್ ಇತ್ತು. ಕಾರಿನವನಿಗೆ 1.8ರಿಂದ 2 ಕೋಟಿ ಡಾಂಗ್. ಪಾದಚಾರಿ ಮಾರ್ಗದ ಮೇಲೆ ಬೈಕ್ ಹತ್ತಿಸಿದರೂ ದಂಡ. ಉಲ್ಲಂಘನೆಯ ಮಾಹಿತಿ ಕೊಟ್ಟ ನಾಗರಿಕರಿಗೆ ದಂಡದ ಮೊತ್ತದಲ್ಲಿ ಶೇ 10ರವರೆಗೆ ಬಹುಮಾನ ನೀಡಲೂ ಅವಕಾಶ ಮಾಡಲಾಗಿತ್ತು. (ನಾವಾದರೋ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟು, ಜನ ಸಾಲುಗಟ್ಟಿ ನಿಂತು ಕಟ್ಟಿದ್ದನ್ನು ಯಶಸ್ಸೆಂದು ಬಣ್ಣಿಸಿಕೊಂಡೆವು.)

ಪರಿಣಾಮ ಕಣ್ಣಿಗೆ ಕಾಣುವಂತಿತ್ತು. ಖಾಲಿ ಚೌಕದಲ್ಲಿಯೂ, ರಾತ್ರಿ ಹತ್ತು ಗಂಟೆಯಲ್ಲಿಯೂ, ಬೈಕುಗಳು ಬಿಳಿಗೆರೆಯ ಹಿಂದೆ ಸೈನಿಕರಂತೆ ನಿಂತಿದ್ದವು. ಎಂದೂ ನಿಲ್ಲದವರು ನಿಂತಾಗ ಸಾಲುಗಳು ಉದ್ದವಾದವು, ದಟ್ಟಣೆಯ ದೂರುಗಳು ಹೆಚ್ಚಿದವು. ಹೋ ಚಿ ಮಿನ್ ನಗರದಲ್ಲಿ ಅದೇ ತಿಂಗಳು ಹಲವು ಕಡೆ ಕೆಂಪು ದೀಪವಿದ್ದಾಗಲೂ ಬೈಕುಗಳು ಬಲಕ್ಕೆ ತಿರುಗಬಹುದೆಂಬ ಬಾಣದ ದೀಪಗಳನ್ನು ಅವಸರದಲ್ಲಿ ಅಳವಡಿಸಬೇಕಾಯಿತು. ನನ್ನ ಹೋಟೆಲಿನ ಬಳಿ ಬೈಕ್ ನಿಲ್ಲಿಸಿಕೊಂಡಿರುತ್ತಿದ್ದ ‘ಸೆ ಓಮ್’ ಸವಾರನೊಬ್ಬ, ಒಂದು ದಂಡ ಬಿದ್ದರೆ ನನ್ನ ಹದಿನೈದು ದಿನದ ಅನ್ನ ಹೋಗುತ್ತದೆ ಎಂದು ಮೊಬೈಲಿನ ಅನುವಾದದ ಮೂಲಕ ಹೇಳಿದ. ಸೆ ಓಮ್ ಎಂದರೆ ‘ಅಪ್ಪಿಕೊಳ್ಳುವ ಗಾಡಿ’; ಹಿಂದೆ ಕುಳಿತವನು ಸವಾರನನ್ನು ಅಪ್ಪಿಕೊಳ್ಳಬೇಕಾಗುವುದರಿಂದ ಬೈಕ್ ಟ್ಯಾಕ್ಸಿಗೆ ಆ ಹೆಸರು.

ದಂಡಕ್ಕಿಂತಲೂ ದೊಡ್ಡ ಬದಲಾವಣೆ ಕಾರುಗಳದು. 2017ರಲ್ಲಿ ಸ್ಥಾಪನೆಯಾದ ದೇಶೀಯ ಕಂಪನಿ ವಿನ್‌ಫಾಸ್ಟ್ ತಯಾರಿಸಿದ ವಿದ್ಯುತ್ ಕಾರುಗಳು ಬೀದಿ ಬೀದಿಯಲ್ಲಿದ್ದವು. ಹಳೆಯ ಪೇಟೆಯ ಕಿರುಬೀದಿಯಲ್ಲಿ ಒಂದು ಕಾರು ನುಗ್ಗಿದರೆ ಇಡೀ ಹರಿವು ಕಲ್ಲು ಬಿದ್ದ ಕಾಲುವೆಯಂತೆ ಕಟ್ಟಿಕೊಳ್ಳುತ್ತಿತ್ತು. ಮೂರನೆಯ ವರ್ತುಲ ರಸ್ತೆಯ ಕಡೆಗೆ ಹೋದಾಗಲಂತೂ ಹಳೆಯ ವಿದ್ಯೆ ಕೆಲಸಕ್ಕೇ ಬಾರದಂತಿತ್ತು. ಅಷ್ಟಗಲದ ರಸ್ತೆಯಲ್ಲಿ ಕಾರು, ಲಾರಿ, ಬಸ್ಸುಗಳು ಅರವತ್ತರ ವೇಗದಲ್ಲಿ ಬರುವಾಗ ಸ್ಥಳೀಯರು ಯಾರೂ ನಿಧಾನವಾಗಿ ನಡೆದು ದಾಟುತ್ತಿರಲಿಲ್ಲ. ಎಲ್ಲರೂ ಮೇಲ್ಸೇತುವೆ ಹತ್ತುತ್ತಿದ್ದರು. ನಾನೂ ಹತ್ತಿದೆ.

ಹೋಟೆಲಿನ ಹುಡುಗ ಬಸ್ಸಿನ ಬಗ್ಗೆ ಹೇಳಿದ್ದರ ಅರ್ಥ ಇದು. ದ್ವಿಚಕ್ರ ವಾಹನದ ಅಗಲ ಎರಡೂವರೆ ಅಡಿ, ಹಳೆಯ ಪೇಟೆಯಲ್ಲಿ ಅದರ ವೇಗ ಇಪ್ಪತ್ತು, ಹೆಚ್ಚೆಂದರೆ ಮೂವತ್ತು. ಸವಾರನ ಮುಖ ನಿಮಗೆ ಕಾಣುತ್ತದೆ, ನಿಮ್ಮದು ಅವನಿಗೆ. ತುಸು ಹ್ಯಾಂಡಲ್ ತಿರುಗಿಸಿದರೆ ಅವನಿಗೆ ದಾರಿ ಸಿಗುತ್ತದೆ. ಈ ಮೂರೂ ಇದ್ದಾಗ ಮಾತ್ರ ಕಣ್ಣಲ್ಲೇ ಒಪ್ಪಂದ ಕುದುರುತ್ತದೆ. ನೆದರ್ಲೆಂಡ್ಸ್‌ನ ಸಂಚಾರ ಎಂಜಿನಿಯರ್ ಹಾನ್ಸ್ ಮೊಂಡರ್‌ಮನ್ 2000ದ ದಶಕದ ಆರಂಭದಲ್ಲಿ ಡ್ರಾಖ್ಟನ್ ಪಟ್ಟಣದ ಮುಖ್ಯ ಚೌಕದಿಂದ ಸಂಚಾರ ದೀಪಗಳನ್ನೇ ತೆಗೆಸಿಹಾಕಿದರು. ಭೇಟಿಗೆ ಬಂದವರೆದುರು ವಾಹನಗಳ ನಡುವೆ ಹಿಮ್ಮುಖವಾಗಿ ನಡೆದು ತೋರಿಸುತ್ತಿದ್ದರು. ಅವರ ಪ್ರಯೋಗ ಗೆದ್ದದ್ದೂ ವೇಗ ತಗ್ಗಿದ ಚೌಕದಲ್ಲಿ. ಪಾದಚಾರಿಗಳೂ ವಾಹನಗಳೂ ಬೆರೆಯುವ ರಸ್ತೆಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ ಇರಬೇಕೆಂದು 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ್ದ ರಸ್ತೆ ಸುರಕ್ಷತಾ ಸಮ್ಮೇಳನ ಘೋಷಿಸಿದ್ದರ ಹಿಂದೆಯೂ ಇದೇ ಲೆಕ್ಕವಿದೆ. ವಿಯೆಟ್ನಾಮಿನವರ ತಾಳ್ಮೆ, ಏಷ್ಯಾದ ಸಂಸ್ಕೃತಿ, ಸಾಮೂಹಿಕ ಪ್ರಜ್ಞೆ ಎಂದೆಲ್ಲ ಹೊಗಳುವವರು ಈ ಲೆಕ್ಕವನ್ನು ಬಿಟ್ಟು ಮಾತನಾಡುತ್ತಾರೆ.

ಬೆಂಗಳೂರಿನ ತೊಡಕೂ ಇಲ್ಲಿಯೇ ಇದೆ. ನೀರಿನ ಟ್ಯಾಂಕರ್, ಬಿಎಂಟಿಸಿ ಬಸ್ಸು, ಕಾರು, ಆಟೊ, ಸ್ಕೂಟರ್, ಆಹಾರದ ಪೊಟ್ಟಣ ಹೊತ್ತು ಎದುರುಗಡೆಯಿಂದ ಬರುವ ಹುಡುಗ, ಎಲ್ಲರೂ ಒಂದೇ ರಸ್ತೆಯಲ್ಲಿ. ಒಬ್ಬೊಬ್ಬರ ಗಾತ್ರ ಒಂದೊಂದು, ವೇಗ ಒಂದೊಂದು. ದಟ್ಟಣೆಯಿದ್ದಾಗ ಆಮೆ, ತೆರವಾದ ಕೂಡಲೆ ಬಾಣ. ಸಿಗ್ನಲ್ ಮುಕ್ತ ಕಾರಿಡಾರ್ ಎಂದು ನಾವು ಹೆಮ್ಮೆಯಿಂದ ಕಟ್ಟಿದ ರಸ್ತೆಗಳಲ್ಲಿ ನನ್ನ ತಾಯಿ ಊರುಗೋಲು ಹಿಡಿದು ದಾಟಲಾರರು. ಮೇಲ್ಸೇತುವೆಯ ಮೆಟ್ಟಿಲು ಹತ್ತಲು ಅವರ ಮೊಣಕಾಲು ಒಪ್ಪುವುದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಅವರಲ್ಲಿ ಎಷ್ಟು ಮಂದಿ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದರೋ.

ಹನೋಯ್ ಈಗ ಮತ್ತೊಂದು ತಿರುವಿಗೆ ಬಂದಿದೆ. ಅಲ್ಲಿನ ಮೊದಲ ಮೆಟ್ರೊ ಮಾರ್ಗ 2021ರ ನವೆಂಬರಿನಲ್ಲಿ ಆರಂಭವಾಯಿತು, ಎರಡನೆಯದರ ಒಂದು ಭಾಗ 2024ರ ಆಗಸ್ಟ್‌ನಲ್ಲಿ. ವಾಯುಮಾಲಿನ್ಯ ತಾಳಲಾರದ ಮಟ್ಟ ಮುಟ್ಟಿದಾಗ, 2025ರ ಜುಲೈನಲ್ಲಿ ಪ್ರಧಾನಿ ಹೊರಡಿಸಿದ ನಿರ್ದೇಶನವೊಂದು, 2026ರ ಜುಲೈ 1ರಿಂದ ಮೊದಲ ವರ್ತುಲ ರಸ್ತೆಯ ಒಳಗೆ ಪೆಟ್ರೋಲ್ ಬೈಕುಗಳು ಓಡಬಾರದೆಂದು ಸೂಚಿಸಿತು. ಪೆಟ್ರೋಲ್ ಕಾರುಗಳ ಮೇಲಿನ ನಿರ್ಬಂಧಕ್ಕೆ 2028ರವರೆಗೆ ಸಮಯ ಕೊಡಲಾಗಿತ್ತು. ಹೋನ್ ಕಿಯೆಮ್ ಕೆರೆ ಮತ್ತು 36 ಬೀದಿಗಳ ಪೇಟೆ ಇರುವುದು ಆ ವರ್ತುಲದ ಒಳಗೇ. ಕೆರೆಯ ಸುತ್ತಲಿನ ರಸ್ತೆಗಳನ್ನು 2016ರಿಂದಲೇ ವಾರಾಂತ್ಯದಲ್ಲಿ ನಡೆಯುವವರಿಗೆ ಬಿಟ್ಟುಕೊಡಲಾಗಿದೆ. ಶುಕ್ರವಾರ ಸಂಜೆಯಿಂದ ಅಲ್ಲಿ ಮಕ್ಕಳು ನಡುರಸ್ತೆಯಲ್ಲಿ ಆಡುತ್ತಾರೆ. ಅದು ವಾರವಿಡೀ ಸಿಕ್ಕರೆ ಯಾರಿಗೆ ಬೇಡ? ಆದರೆ ಅಪ್ಪಿಕೊಳ್ಳುವ ಗಾಡಿಯ ಆ ಮನುಷ್ಯನ ಬೈಕ್ ಪೆಟ್ರೋಲಿನದು, ಹದಿನಾಲ್ಕು ವರ್ಷ ಹಳೆಯದು. ವಿದ್ಯುತ್ ಬೈಕಿಗೆ ಅವನ ಬಳಿ ಹಣವಿಲ್ಲ, ಕಾರಿಗಂತೂ ಇಲ್ಲವೇ ಇಲ್ಲ. ಯಾವ ವಾಹನ ಮೊದಲು ಹೊರಗೆ ಹೋಗಬೇಕೆಂಬುದನ್ನು ತೀರ್ಮಾನಿಸಿದವರು ದಿನನಿತ್ಯ ಯಾವುದರಲ್ಲಿ ಓಡಾಡುತ್ತಾರೋ ನಾನು ಅವನನ್ನು ಕೇಳುವಂತಿರಲಿಲ್ಲ. ನಾನು ಹೊರಡುವ ಹೊತ್ತಿಗೆ ಆ ನಿರ್ದೇಶನ ಇನ್ನೂ ಬಂದಿರಲಿಲ್ಲ.